ರೊಟ್ಟಿ ಅಂಗಡಿಯ ಟಿವಿ

"ನಿನ್ನ ಪರವಾಗಿ ನಾನ ಮಾತಾಡ್ತೀನವ್ವಾ, ನಾ ಇರೂತನಕ" ಎಂದು ಅನ್ನಪೂರ್ಣ ಮಗಳಿಗೆ ಮಾತು ಕೊಟ್ಟದ್ದು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಮೆಟ್ಟಿಲ ಮೇಲೆ. ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂದು ಡಾಕ್ಟರು ಆಗಷ್ಟೇ ಹೇಳಿದ್ದರು. ತಾಯಿ ಕೊಟ್ಟ ಮಾತೂ ಮಗುವಿಗೆ ಕೇಳಿಸಲಿಲ್ಲ. ಆದರೂ ಅನ್ನಪೂರ್ಣ ಅದನ್ನು ನಡೆಸಿಕೊಂಡೇ ಬಂದಳು: ಶಾಲೆಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಕೊನೆಗೆ ಬಿಟಿಎಂ ಲೇಔಟಿನಲ್ಲಿ ತಾಯಿ ಮಗಳು ಸೇರಿ ತೆರೆದ ರೊಟ್ಟಿ ಅಂಗಡಿಯಲ್ಲೂ.

ಮಗಳು ಪ್ರಿಯಾಂಕಾಳಿಗೆ ಈಗ ಅದು ಸಾಕಾಗಿಹೋಗಿತ್ತು. ಕೌಂಟರಿನಲ್ಲಿ ನಿಂತಿರುವವಳು ತಾನು, ಗಿರಾಕಿಗಳು ನೋಡುವುದು ಒಲೆಯ ಮುಂದಿನ ತಾಯಿಯನ್ನು. ತಾಯಿಯೊಡನೆ ಕೈಸನ್ನೆಯಲ್ಲೇ ಜಗಳ ತೆಗೆದು, ಅಂಗೈಯಗಲದ ಕಂಪ್ಯೂಟರ್ ಬೋರ್ಡೊಂದನ್ನು ತರಿಸಿದಳು. ಅದನ್ನು ಮನೆಯ ಹಳೇ ಟಿವಿಗೆ ಜೋಡಿಸಿ ಗೋಡೆಗೆ ಹಾಕಿದಳು. ಟಿವಿಯಲ್ಲಿ, ಬೇಕಾದ್ದನ್ನು ಸನ್ನೆಯಲ್ಲಿ ಕೇಳುವುದು ಹೇಗೆಂದು ಗಿರಾಕಿಗಳಿಗೆ ತೋರಿಸುವ ಅವಳದೇ ವಿಡಿಯೊ. ಅಂಗೈ ತಟ್ಟಿದರೆ ರೊಟ್ಟಿ, ಬಾಯಿಗೆ ಗಾಳಿ ಬೀಸಿಕೊಂಡರೆ ಕೆಂಪು ಚಟ್ನಿ, ಎಷ್ಟು ಬೇಕೋ ಅಷ್ಟು ಬೆರಳು. ಮುಗಿದೊಡನೆ ಮತ್ತೆ ಮೊದಲಿನಿಂದ. ರಿಮೋಟ್ ಬೇಕಿಲ್ಲ, ಕರೆಂಟು ಬಂದರೆ ತಾನಾಗಿಯೇ ಶುರು.

ಮೊದಲ ದಿನ ಜನ ನೋಡಿದರು, ನಕ್ಕರು, ಅಂಗೈ ತಟ್ಟಿದರು. ಅನ್ನಪೂರ್ಣಳನ್ನು ಯಾರೂ ಏನೂ ಕೇಳಲಿಲ್ಲ. ಅಂಗಡಿ ಮುಚ್ಚುವಾಗ ಅವಳು ಎಂದಿನಂತೆ ಒಲೆಗೆ ವಿಭೂತಿ ಹಚ್ಚಿ, "ಶಿವಾ" ಎಂದು ಮೇನ್ ಸ್ವಿಚ್ ಇಳಿಸಿದಳು. ಮೇನ್ ಇಳಿಸದೆ ಬಾಗಿಲು ಹಾಕಿದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಮರುದಿನ ಮೇನ್ ಎತ್ತಿದರೆ ಟಿವಿ ಬರೀ ಕಪ್ಪು. ಓಡುತ್ತ ಏನನ್ನೋ ಬರೆದುಕೊಳ್ಳುತ್ತಿದ್ದಾಗಲೇ ಕರೆಂಟು ಹೋದದ್ದರಿಂದ ಬೋರ್ಡಿನ ಮೆಮೊರಿ ಕಾರ್ಡು ಕೆಟ್ಟಿತ್ತು.

ದಿನಾ ಊಟಕ್ಕೆ ಬರುವ ಮೋಹಿತ್ ಕೇಳಿದ: "ಆಂಟಿ, ಟಿವಿ ಏನಾಯ್ತು? ನಿನ್ನೆ ಸಖತ್ತಾಗಿತ್ತಲ್ಲ!"

"ಏನೋ ಕೆಟ್ಟೈತಿ ಬಿಡ್ರೀ. ಏನ್ ಬೇಕ್ ನನಗ ಹೇಳ್ರಿ, ನಾ ಇಲ್ಲೇನು?"

ಅವಳ ದನಿ ಅಂದು ಎಂದಿಗಿಂತ ಗಟ್ಟಿಯಾಗಿತ್ತು. ಎಲ್ಲರೂ ಮತ್ತೆ ತನ್ನ ಕಡೆ ತಿರುಗಿದ್ದು ಅವಳಿಗೆ ಹಿತವಾಗಿತ್ತು. ದನಿ ಕೇಳಿಸದಿದ್ದರೂ ಪ್ರಿಯಾಂಕಾಳಿಗೆ ತಾಯಿಯ ಮುಖ ಕಾಣುತ್ತಿತ್ತು.

ಗಿರಾಕಿಗಳು ಹೋದ ಮೇಲೆ ಅವಳು ಮೇನ್ ಸ್ವಿಚ್ಚನ್ನೂ ತಾಯಿಯ ಕೈಯನ್ನೂ ತೋರಿಸಿ, ಕತ್ತು ಕುಯ್ಯುವ ಸನ್ನೆ ಮಾಡಿದಳು.

"ನಾನ ಕೊಂದೆ ಅಂತೀಯೇನು?" ಅನ್ನಪೂರ್ಣ ಬಾಯಲ್ಲೂ ಕೈಯಲ್ಲೂ ಕೇಳಿದಳು. "ಹಂಗಾರ ಇನ್ನ ಮೇನ್ ಇಳಿಸಬಾರದೇನು?"

ಇಳಿಸು, ಇಲ್ಲದಿದ್ದರೆ ರಾತ್ರಿಯೆಲ್ಲ ಹೊರಳಾಡಿ ನನಗೂ ನಿದ್ದೆ ಕೊಡುವುದಿಲ್ಲ ಎಂದಿತು ಮಗಳ ಕೈ.

ಪ್ರಿಯಾಂಕಾ ಕಾರ್ಡಿಗೆ ಮತ್ತೆ ಎಲ್ಲವನ್ನೂ ತುಂಬಿಸಿದಳು. ಈ ಸಲ ಬೋರ್ಡು ಕಾರ್ಡನ್ನು ಓದಬಹುದು, ಅದರ ಮೇಲೆ ಏನನ್ನೂ ಬರೆಯುವಂತಿಲ್ಲ. ಕರೆಂಟು ಯಾವಾಗ ಹೋದರೂ ಕೆಡುವುದಿಲ್ಲ. ಆಮೇಲೆ ತಾಯಿಯ ಕೈ ಹಿಡಿದು ಮೇನ್ ಮೇಲಿಟ್ಟಳು. ಇಳಿಸಿದರು, ಎತ್ತಿದರು. ಟಿವಿಯಲ್ಲಿ ರೊಟ್ಟಿ ಬಂತು. ಮತ್ತೆ ಇಳಿಸಿದರು, ಎತ್ತಿದರು. ಮತ್ತೆ ರೊಟ್ಟಿ.

"ಸಾಕು ಬಿಡ, ನಂಬಿದೆ" ಎಂದಳು ಅನ್ನಪೂರ್ಣ.

ಮರುದಿನ ಹೊಸ ಗಿರಾಕಿಯೊಬ್ಬ ಬಂದ. ಪ್ರಿಯಾಂಕಾಳನ್ನು ದಾಟಿ ಒಳಗೆ ಕಣ್ಣು ಹಾಯಿಸಿದ. "ಆಂಟಿ, ಎರಡು ರೊಟ್ಟಿ..."

ಅನ್ನಪೂರ್ಣಳ ಬಾಯಿ ತೆರೆಯಿತು. ಪ್ರಿಯಾಂಕಾ ಹಿಂತಿರುಗಿ ನೋಡಲಿಲ್ಲ. ಗಿರಾಕಿಯ ಮುಖವನ್ನೇ ನೋಡುತ್ತ ನಿಂತಿದ್ದಳು. ಅನ್ನಪೂರ್ಣ ಬಾಯಿ ಮುಚ್ಚಿ, ಹಿಟ್ಟು ಮೆತ್ತಿದ ಕೈಯಿಂದ ಟಿವಿ ತೋರಿಸಿ, ಮತ್ತೆ ನಾದತೊಡಗಿದಳು. ಅವನು ಟಿವಿ ನೋಡಿದ, ಬ್ಯಾಗನ್ನು ಕೆಳಗಿಟ್ಟ, ಅಂಗೈ ತಟ್ಟಿ ಎರಡು ಬೆರಳು ತೋರಿಸಿದ. ನಾಚುತ್ತಲೇ ಬಾಯಿಗೆ ಗಾಳಿಯನ್ನೂ ಬೀಸಿಕೊಂಡ. ಪ್ರಿಯಾಂಕಾ ತಟ್ಟೆ ಮುಂದಿಟ್ಟಳು.

ಮಗಳಿಗೆ ಕೊಟ್ಟ ಮಾತನ್ನು ಅನ್ನಪೂರ್ಣ ಅಂದು ಮುರಿದಳು.