ರೆಕಾರ್ಡ್ ರೂಮಿನ ಮೀಟಿಂಗ್

‘ಮೀಟಿಂಗ್’ ಅಂತ ಕೇಳಿದರೆ ಸಾಕು, ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಕುರುಗೋಡಿನ ಆಫೀಸೊಂದರಲ್ಲಿ ಕೌಂಟರಿಗೆ ಕೂರುವವಳು ನಾನು, ಜಯಶ್ರೀ. ಯಾವ ಆಫೀಸು ಅಂತ ಕೇಳಬೇಡಿ, ಇನ್ನೂ ಅಲ್ಲೇ ಅನ್ನ ತಿನ್ನುತ್ತಿದ್ದೇನೆ.

ನಮ್ಮಲ್ಲಿ ಚಹಾಕ್ಕೆ ಹೋದರೆ ಸಣ್ಣ ಮೀಟಿಂಗ್. ಸಾಹೇಬರು ಹೆಂಡತಿಯ ಜೊತೆ ಬಳ್ಳಾರಿಯ ಬ್ರೂಸ್‌ಪೇಟೆಗೆ ಸೀರೆ ತರಲು ಹೋದರೆ ಬ್ರೂಸ್‌ಪೇಟೆ ಮೀಟಿಂಗ್. ಮಾವನ ಮನೆಗೆ ಹೋದರೆ ಸಿರುಗುಪ್ಪ ಮೀಟಿಂಗ್. ಜವಾನ ತಿಪ್ಪೇಶನಂತೂ ಬೀಡಿ ಸೇದಲು ಹೊರಟಾಗಲೂ “ಅಕ್ಕಾ, ತುರ್ತು ಮೀಟಿಂಗ್ ಐತಿ” ಅನ್ನುತ್ತಾನೆ. ಇವರ ಮೀಟಿಂಗಿಗಿಷ್ಟು ಬೆಂಕಿ ಹಾಕ.

ಎಲ್ಲಕ್ಕಿಂತ ದೊಡ್ಡದು ಒಳಗಿನ ಮೀಟಿಂಗ್. ಊಟವಾದ ಮೇಲೆ ನಮ್ಮ ಸಾಹೇಬರು ಗಾದಿಲಿಂಗಪ್ಪ ರೆಕಾರ್ಡ್ ರೂಮಿಗೆ ಹೋಗಿ ಹಳೆಯ ಕಡತದ ಗಂಟುಗಳ ಮೇಲೆ ಮಲಗುತ್ತಾರೆ. ನಾನು ಹೊರಗಿನಿಂದ ಬೀಗ ಹಾಕಬೇಕು. ಬೀಗ ಬಿದ್ದ ಕೋಣೆಯಲ್ಲಿ ಮನುಷ್ಯ ಇದ್ದಾನೆಂದು ಯಾರು ತಿಳಿದಾರು? ನಾಲ್ಕಕ್ಕೆ ತೆಗೆದರೆ ಮುಖ ತೊಳೆದು ಸೀದಾ ಮನೆಗೆ. ಏಳು ವರ್ಷದಿಂದ ಆ ಬೀಗದ ಕೈ ನನ್ನ ಪರ್ಸಿನಲ್ಲಿದೆ.

ರಹೀಮಾಬೀ ಮೆಣಸಿನಕಾಯಿ ಹೊಲಕ್ಕೆ ಕೂಲಿಗೆ ಹೋಗುವ ಮುದುಕಿ. ಮೊಮ್ಮಗಳು ಫರ್ಹತ್‌ಗೆ ಬಳ್ಳಾರಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಅದಕ್ಕೆ ವಾಸದ ಪ್ರಮಾಣಪತ್ರ ಬೇಕು. ಮನೆಯ ಹಿರಿಯರು ಎದುರಿಗೆ ಬಂದು ನಿಂತರೇನೇ ಸಹಿ ಎಂದು ಸಾಹೇಬರ ಕಟ್ಟಪ್ಪಣೆ. ಅರ್ಧ ದಿನದ ಕೂಲಿ ಮುಗಿಸಿ ಎರಡು ಗಂಟೆಯ ಮೇಲೆ ಬರುತ್ತಿದ್ದಳು. ನಾಲ್ಕು ದಿನವೂ ನಾನು ಮೀಟಿಂಗ್ ಅಂದೆ, ನಾಲ್ಕು ದಿನವೂ ತಲೆಯಾಡಿಸಿ ಹೋದಳು.

ಐದನೆಯ ದಿನ ಮತ್ತೆ ಬಂದಳು. “ಸಾಹೇಬ್ರು ಇವತ್ತರ ಅದಾರೇನವ್ವ?”

“ಮೀಟಿಂಗ್‌ನಾಗ ಅದಾರಮ್ಮಾ,” ಅಂದೆ. ನಾಲಿಗೆಗೆ ರೂಢಿ.

ಆಕೆ ಚೀಲದಿಂದ ಬಟ್ಟೆಯಲ್ಲಿ ಕಟ್ಟಿದ ಎರಡು ಬುತ್ತಿ ತೆಗೆದು ಕೌಂಟರ್ ಮೇಲಿಟ್ಟಳು. “ಐದು ದಿನ ಆತು ಮೀಟಿಂಗ್ ಮಾಡಾಕ ಹತ್ತಿ. ಉಣ್ಣೋ ಹೊತ್ತಿನಾಗೂ ಬಿಡವಲ್ರು. ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ಐತಿ. ಒಂದು ಸಾಹೇಬ್ರಿಗೆ, ಒಂದು ನಿನಗ. ನೀನೂ ಪಾಪ ಇಲ್ಲೇ ಕುಂತಿರ್ತೀ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರ ಮೇಲೆ ಸಿಟ್ಟು ಬಂತು, ತಿಪ್ಪೇಶನ ಮೇಲೆ ಬಂತು, ಇಷ್ಟು ನಂಬುವ ಈ ಮುದುಕಿಯ ಮೇಲೂ ಬಂತು.

“ಫರ್ಹತ್ ಎಲ್ಲಿ?”

“ಬಸ್‌ಸ್ಟ್ಯಾಂಡಿನಾಗ ನಿಂತಾಳ. ಮೂರರ ಬಸ್ಸಿಗೆ ಹೋಗಿ ಐದರೊಳಗ ಕೊಡಬೇಕಂತ. ಇಲ್ಲಾಂದ್ರ ಸೀಟು ಬ್ಯಾರೇದವರಿಗೆ ಹೋಗತೈತಿ.”

ಗಡಿಯಾರದಲ್ಲಿ ಎರಡೂವರೆ. ಪರ್ಸಿನಿಂದ ಬೀಗದ ಕೈ, ಮೇಜಿನಿಂದ ಫರ್ಹತ್‌ಳ ಪ್ರಮಾಣಪತ್ರ ತೆಗೆದುಕೊಂಡು ಎದ್ದೆ. ಆಕೆಯೂ ಬುತ್ತಿ ಎತ್ತಿಕೊಂಡು ಹಿಂದೆ ಬಂದಳು. ತಿಪ್ಪೇಶ ಅಡ್ಡ ನಿಂತ.

“ಅಕ್ಕಾ, ನೌಕರಿ ಹೋಗತೈತಿ ನೋಡು.”

“ಅತ್ತಾಗ ಸರಿಯಲೇ,” ಅಂದೆ.

ಬಾಗಿಲು ತೆರೆದರೆ ಸಾಹೇಬರು ಬನಿಯನ್ನಿನಲ್ಲಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅಂಗಿ ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ರಹೀಮಾಬೀ ಹೊಸ್ತಿಲಲ್ಲೇ ನಿಂತು ಅವರನ್ನು ನೋಡಿದಳು. ಆಮೇಲೆ ಬೀಗ ನೋಡಿದಳು, ನನ್ನ ಕೈ ನೋಡಿದಳು.

ನಾನು ಬಾಗಿಲು ಬಡಿದೆ. ಸಾಹೇಬರು ಗಡಬಡಿಸಿ ಎದ್ದು ಕಣ್ಣಲ್ಲೇ ನನ್ನನ್ನು ಸುಟ್ಟರು. ಆದರೂ ಸಹಿ ಹಾಕಿದರು. ಬನಿಯನ್ನಿನಲ್ಲಿ ನಿಂತ ಮನುಷ್ಯ ಇನ್ನೇನು ಕಾನೂನು ಹೇಳಿಯಾನು? ಸೀಲು ನಾನೇ ಒತ್ತಿದೆ. ಮೂರಕ್ಕೆ ಇನ್ನೂ ಹದಿನೈದು ನಿಮಿಷ ಇತ್ತು.

ರಹೀಮಾಬೀ ಕಾಗದ ಮಡಚಿ ಜೋಪಾನವಾಗಿ ಇಟ್ಟುಕೊಂಡಳು. ಒಂದು ಬುತ್ತಿಯನ್ನು ಸಾಹೇಬರ ಮುಂದಿಟ್ಟಳು. ಇನ್ನೊಂದನ್ನು ಚೀಲಕ್ಕೆ ವಾಪಸು ಹಾಕಿಕೊಂಡಳು.

“ಅವರು ಮಲಗಿದ್ರು. ನಾ ದಿನಾ ಬಂದು ನಿಂತಿದ್ದು ಅವರಿಗೆ ಗೊತ್ತಿರಲಿಲ್ಲ,” ಅಂದಳು. “ನಿನಗ ಗೊತ್ತಿತ್ತಲ್ಲವ್ವ.”