ಹಿತ್ತಲ ಬಾಗಿಲಿನ ಕೀಲಿಕೈ

ನಮ್ಮ ಮನೆಯವರಿಗೆ ಕಳ್ಳರ ಮೇಲೆ ಇರುವಷ್ಟು ನಂಬಿಕೆ ಮನುಷ್ಯರ ಮೇಲಿಲ್ಲ. ಕಳ್ಳ ಬಂದೇ ಬರುತ್ತಾನೆ, ಅದೂ ಸುರಪುರದಲ್ಲಿ ಬೇರೆಲ್ಲ ಬಿಟ್ಟು ನಮ್ಮ ಮನೆಗೇ ಬರುತ್ತಾನೆ ಎಂದು ಅವರು ನಂಬಿದ್ದಾರೆ. ಯಾದಗಿರಿಯಿಂದ ಹಳೆಯ ಕಾರೊಂದನ್ನು ಕೊಂಡು ತಂದ ಮೇಲಂತೂ ಕೇಳುವುದೇ ಬೇಡ. ಸ್ಟೇರಿಂಗಿಗೆ ಕಬ್ಬಿಣದ ಲಾಕು, ಚಕ್ರಕ್ಕೆ ಎಮ್ಮೆ ಕಟ್ಟುವಂಥ ಸರಪಳಿ, ಮುಟ್ಟಿದರೆ ಓಣಿಯೆಲ್ಲ ಹೌಹಾರುವಂತೆ ಕೂಗುವ ಅಲಾರಂ. ಬಾಗಿಲು ಮುಚ್ಚಿದ ಅರ್ಧ ನಿಮಿಷಕ್ಕೆ ಕಾರು ತಾನೇ ಲಾಕ್ ಆಗುವ ವ್ಯವಸ್ಥೆಯನ್ನೂ ಶಹಾಪುರದ ಮೆಕ್ಯಾನಿಕ್ಕೊಬ್ಬ ಕೂಡಿಸಿಕೊಟ್ಟ. ಮೊದಲ ವಾರ ಆ ಅಲಾರಮ್ಮಿಗೆ ಸಿಕ್ಕಿಬಿದ್ದದ್ದು ಒಂದು ಬೆಕ್ಕು, ಎರಡು ಸಲ ನಾನು.

ಇಷ್ಟರಲ್ಲೇ ಇದ್ದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಒಂದು ಭಾನುವಾರ ಪೊಲೀಸರು ನಮ್ಮ ಓಣಿಯಲ್ಲಿ ಸಭೆ ಮಾಡಿದರು. ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ, ಕೀಲಿಕೈಯನ್ನು ಚೌಕಟ್ಟಿನ ಮೇಲೆ ಇಡಬೇಡಿ, ಯಾರ ಕೈಗೂ ಕೊಡಬೇಡಿ, ಎಲ್ಲಿಟ್ಟಿದ್ದೀರೆಂದು ಯಾರಿಗೂ ಹೇಳಬೇಡಿ ಎಂದರು. ಒಳ್ಳೆಯ ಮಾತೇ. ನಮ್ಮವರು ಸಭೆಯಿಂದ ಎದ್ದವರೇ ಸೀದಾ ಪಕ್ಕದ ಮನೆಯ ಗೌಹರಬೇಗಂ ಆಪಾನ ಮುಂದೆ ಹೋಗಿ ನಿಂತರು.

ಹನ್ನೆರಡು ವರ್ಷದಿಂದ ನಮ್ಮ ಮನೆಯ ಇನ್ನೊಂದು ಕೀಲಿಕೈ ಇರುತ್ತಿದ್ದದ್ದು ಆಪಾನ ಪಾನ್‌ದಾನಿನಲ್ಲಿ, ಅಡಿಕೆ ಸುಣ್ಣದ ನಡುವೆ, ಕೆಂಪು ದಾರ ಕಟ್ಟಿಕೊಂಡು. ನಾವಿಲ್ಲದಾಗ ದೇವಾಪುರದಿಂದ ನಮ್ಮತ್ತೆ ಬಂದರೆ ಬಾಗಿಲು ತೆಗೆದು ಕೂಡಿಸಿ ಚಹಾ ಕೊಡುತ್ತಿದ್ದವರು ಆಪಾ. ಅವರ ಮನೆಯದೊಂದು ಕೀಲಿಕೈ ನನ್ನ ಉಪ್ಪಿನ ಭರಣಿಯ ಹಿಂದೆ ಇರುತ್ತಿತ್ತು.

"ಆಪಾ, ಪೊಲೀಸ್ರು ಹೇಳ್ಯಾರ್ರಿ. ನಮ್ಮ ಮನಿ ಕೀಲಿಕೈ ವಾಪಸ್ ಕೊಡ್ರಿ" ಎಂದರು ನಮ್ಮವರು.

ಆಪಾ ಪಾನ್‌ದಾನಿನ ಮುಚ್ಚಳ ತೆಗೆದರು. "ಪೊಲೀಸ್ರು ಹೇಳಿದ್ರ ಕೊಡಬೇಕಲ್ಲಪ್ಪ ರಾಮಲಿಂಗ" ಎಂದು ಕೀಲಿಕೈಗೆ ಹತ್ತಿದ ಸುಣ್ಣವನ್ನು ಸೆರಗಿನಿಂದ ಒರೆಸಿ ಕೊಟ್ಟರು. ನಾನು ಗೋಡೆಯ ಈಚೆ ನಿಂತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಆಕಿ ನಮ್ಮ ಮನ್ಯಾಗ ಏನ್ ಕದಿಬೇಕಿತ್ರಿ? ನನ್ನ ಬಾಣಂತನ ಮಾಡಿದಾಕಿ!" ಎಂದು ನಮ್ಮವರ ಮೇಲೆ ಬಾಯಿ ಮಾಡಿದೆ.

"ಆಕಿ ಮ್ಯಾಲ ನನಗೇನ್ ಸಂಶಯ ಇಲ್ಲ, ಚಂದ್ರಕಲಾ. ಸಿಸ್ಟಮ್ ಅಂದ್ರ ಸಿಸ್ಟಮ್" ಎಂದರು. ಕರೆಂಟ್ ಆಫೀಸಿನಲ್ಲಿ ಗುಮಾಸ್ತರಾದ ಅವರಿಗೆ ಇದಕ್ಕಿಂತ ಹೆಚ್ಚು ವಿವರಿಸಲು ಬರುವುದಿಲ್ಲ. ಮರುದಿನ ಮುಂಬಾಗಿಲಿಗೆ ತೆಂಗಿನಕಾಯಿ ಗಾತ್ರದ ಹೊಸ ಬೀಗ ಬಂತು. ಇದನ್ನು ಯಾರಿಂದಲೂ ಮುರಿಯಲಾಗದು ಎಂದು ಅಂಗಡಿಯವನು ಹೇಳಿದ್ದನಂತೆ.

ಗೋಡೆಯಾಚೆಯಿಂದ "ಚಂದ್ರಾ, ಕರಿಬೇವು ಅದ ಏನ?" ಎಂಬ ಕೂಗು ಅಂದಿನಿಂದ ನಿಂತುಹೋಯಿತು. ಆಪಾ ಜಗಳ ಆಡಲಿಲ್ಲ, ಮುಖ ತಿರುಗಿಸಲಿಲ್ಲ. ಎದುರಾದರೆ "ಊಟ ಆತೇನವಾ" ಎನ್ನುತ್ತಿದ್ದರು, ಅಷ್ಟೇ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಮ್ಮವರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಆಪಾನ ಬಳಿ ಇನ್ನೊಂದು ಕೀಲಿಕೈ ಇತ್ತು, ಹಿತ್ತಲ ಬಾಗಿಲಿನ ಒಳಬೀಗದ್ದು, ಅದಕ್ಕೂ ಕೆಂಪು ದಾರವೇ. ನಾನು ಬಾಣಂತಿ ಇದ್ದಾಗ ಎದ್ದುಬಂದು ಬಾಗಿಲು ತೆಗೆಯಬಾರದೆಂದು ಆಪಾ ಅದನ್ನು ಇಸಿದುಕೊಂಡಿದ್ದರು. ದಿನಾ ಬೆಳಿಗ್ಗೆ ಹಿತ್ತಲಿನಿಂದ ಬಿಸಿ ನೀರು, ಸಜ್ಜಕ ಹಿಡಿದುಕೊಂಡು ತಾವೇ ಬರುತ್ತಿದ್ದರು. ನಾನು ಅದನ್ನು ವಾಪಸ್ ಕೇಳಿರಲಿಲ್ಲ. ಈಗ ಅವರು ಅದನ್ನು ಇಟ್ಟುಕೊಂಡಿದ್ದಾರೋ, ಬೇಜಾರಿನಿಂದ ಎತ್ತಿ ಒಗೆದುಬಿಟ್ಟಿದ್ದಾರೋ? ಕೇಳುವ ಧೈರ್ಯ ನನಗಿರಲಿಲ್ಲ. ಒಗೆದಿದ್ದರೆ ನನಗೆ ಈ ಊರಿನಲ್ಲಿ ತವರು ಮುಗಿಯಿತು ಎಂದೇ ಅನ್ನಿಸುತ್ತಿತ್ತು.

ಇಪ್ಪತ್ತೆರಡು ದಿನ ಹೀಗೇ ಕಳೆದವು. ಆಮೇಲೆ ನಾವಿಬ್ಬರೂ ಜಾತ್ರೆಗೆಂದು ಕಾರಿನಲ್ಲಿ ಕೊಡೇಕಲ್ಲಿಗೆ ಹೊರಟೆವು. ನಮ್ಮವರು ಠಾಣೆಗೆ ಹೇಳಿ ಬಂದು, ಹೊಸ ಬೀಗ ಜಡಿದು, ಮೂರು ಸಲ ಜಗ್ಗಿ ನೋಡಿದರು. ಹಿತ್ತಲ ಬಾಗಿಲು ಭದ್ರ ಮಾಡುವ ಕೆಲಸ ನನ್ನದು. ಒಳಬೀಗ ಹಾಕಿದೆ, ಚಿಲಕ ಹಾಕಲಿಲ್ಲ. ಹನ್ನೆರಡು ವರ್ಷ ಊರಿಗೆ ಹೋಗುವಾಗ ಆ ಚಿಲಕ ಹಾಕಿದವಳಲ್ಲ. ಹಾಕಿದರೆ ಆಪಾನ ಕೀಲಿಕೈ ಕೆಲಸಕ್ಕೆ ಬರುವುದಿಲ್ಲ.

ಕೊಡೇಕಲ್ಲಿನಲ್ಲಿ ಜನ ಬಹಳ ಇದ್ದರು. ಜೇಬುಗಳ್ಳರ ಭಯಕ್ಕೆ ನಮ್ಮವರು ಇಡೀ ಕೀಲಿಕೈ ಗೊಂಚಲನ್ನು, ಕಾರಿನದು, ಸರಪಳಿಯದು, ಮನೆಯದು, ಎಲ್ಲ ಸೇರಿಸಿ ಬುತ್ತಿಯ ಚೀಲದಲ್ಲಿ ರೊಟ್ಟಿಗಳ ನಡುವೆ ಬಚ್ಚಿಟ್ಟರು. ಚೀಲವನ್ನು ಹಿಂದಿನ ಸೀಟಿನ ಮೇಲೆ ಇಟ್ಟು ಬಾಗಿಲು ಮುಚ್ಚಿ, ಸರಪಳಿ ಸರಿಯಾಗಿದೆಯೇ ಎಂದು ಬಗ್ಗಿ ನೋಡಿದರು. ಅರ್ಧ ನಿಮಿಷವಾಯಿತು. ಕಾರು ಟಕ್ ಎಂದಿತು.

ಗಾಜು ಒಡೆಯಿರಿ ಎಂದರೆ ಅವರಿಗೆ ಕೈ ಬರಲಿಲ್ಲ. ಕಾರಿನ ಇನ್ನೊಂದು ಕೀಲಿಕೈ ಮನೆಯ ಅಲಮಾರಿನಲ್ಲಿ, ಮನೆಯ ಕೀಲಿಕೈ ಎರಡರಲ್ಲಿ ಒಂದು ರೊಟ್ಟಿಯ ನಡುವೆ, ಇನ್ನೊಂದು ಅದೇ ಅಲಮಾರಿನಲ್ಲಿ. ಬಸ್ಸಿನಲ್ಲಿ ಇಡೀ ದಾರಿ ನಾನು ಮಾತಾಡಲಿಲ್ಲ. ನಗು ಬಂದುಬಿಟ್ಟೀತೆಂಬ ಭಯ.

ಮಧ್ಯಾಹ್ನ ಮನೆ ಮುಟ್ಟಿದಾಗ ಆಪಾ ತಮ್ಮ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ನಮ್ಮವರು ಬೀಗ ಹಿಡಿದು ನಿಂತರು. ಯಾರಿಂದಲೂ ಮುರಿಯಲಾಗದ ಬೀಗ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ.

"ಯಾಕಪ್ಪ, ನಡಕೊಂಡು ಬಂದಿ? ಕಾರ್ ಎಲ್ಲದ? ಕದ್ರೇನು?" ಎಂದು ಆಪಾ ಗಾಬರಿಯಾಗಿ ಎದ್ದರು.

"ಇಲ್ರಿ ಆಪಾ. ಕದಿಯಾಕ ಆಗಂಗಿಲ್ಲ. ನಮಗೂ ತೆಗಿಯಾಕ ಆಗವಲ್ದು" ಎಂದು ನಮ್ಮವರು ನಡೆದದ್ದನ್ನೆಲ್ಲ ಹೇಳಿದರು.

ಆಪಾ ನಗಲಿಲ್ಲ. ನನ್ನ ಕಡೆ ನೋಡಿ ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಪಾನ್‌ದಾನು ಇತ್ತು. ಎಲೆಗಳನ್ನು ಸರಿಸಿ, ಕೆಂಪು ದಾರದ ಕೀಲಿಕೈ ತೆಗೆದರು. ನಮ್ಮವರು ಬಾಯಿ ಬಿಟ್ಟುಕೊಂಡು ನೋಡಿದರು.

ಮೂವರೂ ಹಿತ್ತಲಿಗೆ ಹೋದೆವು. ಆಪಾ ಕೀಲಿಕೈ ತಿರುಗಿಸಿ, ಬಾಗಿಲಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ ನೂಕಿದರು. ಬಾಗಿಲು ತೆರೆಯಿತು.

"ಚಿಲಕ ಹಾಕಿರ್ತಿ ಅಂದ್ಕೊಂಡಿದ್ದೆ, ಚಂದ್ರಾ" ಎಂದರು.

"ನೀವು ಕೀಲಿಕೈ ಒಗದಿರ್ತೀರಿ ಅಂದ್ಕೊಂಡಿದ್ದೆ, ಆಪಾ" ಎಂದೆ. ಅವರನ್ನು ತಬ್ಬಿಕೊಂಡು ಅತ್ತೆ. ನಮ್ಮವರು ಏನೂ ತೋಚದೆ ಇಬ್ಬರಿಗೂ ನೀರು ತಂದುಕೊಟ್ಟರು.

ಅಲಮಾರಿನಲ್ಲಿದ್ದ ಕೀಲಿಕೈ ಒಯ್ದು ನಮ್ಮವರು ಸಂಜೆಯ ಹೊತ್ತಿಗೆ ಕಾರು ತಂದರು. ಯಾರೂ ಮುಟ್ಟಿರಲಿಲ್ಲ, ಪಲ್ಯ ಮಾತ್ರ ಹಳಸಿತ್ತು. ಮರುದಿನ ನಮ್ಮವರು ಅಲಮಾರಿನಲ್ಲಿದ್ದ ಹೊಸ ಬೀಗದ ಕೀಲಿಕೈಯನ್ನು ತೆಗೆದುಕೊಂಡು ಹೋಗಿ ಎರಡೂ ಕೈಯಿಂದ ಆಪಾನಿಗೆ ಕೊಟ್ಟರು.

"ತಪ್ಪಾತ್ರಿ ಆಪಾ. ಇದನ್ನೂ ಇಟ್ಕೋರಿ. ಪಾನ್‌ದಾನ್‌ದಾಗ ಇಡ್ತೀರೇನು?"

ಆಪಾ ಅದಕ್ಕೆ ಕೆಂಪು ದಾರ ಕಟ್ಟುತ್ತ ಕಣ್ಣೆತ್ತಿ ನೋಡಿದರು. "ಎಲ್ಲಿಡ್ತೀನಂತ ನಿನಗ್ಯಾಕ ಹೇಳಲಿ? ಸಭಾದಾಗ ನಾನೂ ಕುಂತಿದ್ದೆ. ಯಾರಿಗೂ ಹೇಳಬ್ಯಾಡ್ರಿ ಅಂತ ಪೊಲೀಸ್ರು ಹೇಳ್ಯಾರ" ಎಂದರು.

ನಮ್ಮವರು ಪೆಚ್ಚಾಗಿ ನಗುತ್ತ ಬಂದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಕೂಗು ಕೇಳಿತು: "ಚಂದ್ರಾ, ಕರಿಬೇವು ಅದ ಏನ?"

ನಾನು ಓಡಿಹೋಗಿ ಗಿಡದ ಅರ್ಧದಷ್ಟು ಮುರಿದುಕೊಟ್ಟೆ.