ಬಿಸಿಲು ತಾಕಿದ ಆಲೂಗಡ್ಡೆ

ಹಿಲಾರಿಯೋ ತೀರಿಕೊಂಡಾಗ ನಮ್ಮೂರು ಚಿಯಾರ್ ಕಾಲಾದ ಹೊಲಗಳಲ್ಲಿ ಆಲೂಗಡ್ಡೆ ಹೂ ಬಿಟ್ಟಿತ್ತು. ಮಳೆಗಾಲದ ಜ್ವರ ಎದೆಗಿಳಿಯಿತು; ಪಟ್ಟಣದಿಂದ ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನು ನಮ್ಮ ಇಗರ್ಜಿಯ ಉಪದೇಶಿ. ಪಾದ್ರಿಗಳು ಈ ಎತ್ತರಕ್ಕೆ ಹತ್ತಿ ಬರುವುದು ಅಪರೂಪ. ಹಾಗಾಗಿ ಭಾನುವಾರದ ಪ್ರಾರ್ಥನೆ, ಕೂಸಿನ ತಲೆಗೆ ನೀರು, ಹೆಣದ ಮುಂದಿನ ಜಪ ಎಲ್ಲವೂ ಉಪದೇಶಿಯ ಪಾಲಿನವೇ. ಹೆಂಡತಿ ನಿಕಾಸಿಯಾ ಅವನ ಪಕ್ಕದಲ್ಲಿ ನಿಂತು ಹಾಡು ಎತ್ತಿಕೊಡುತ್ತಿದ್ದಳು.

ಮಣ್ಣು ಮಾಡಿದ ದಿನ ನಿಕಾಸಿಯಾ ಅಳಲಿಲ್ಲ. ಆಮೇಲೂ ಅಳಲಿಲ್ಲ. ಬೆಳೆ ಬಂದಾಗ ಅಗೆದಳು, ಕುರಿ, ಲಾಮಾಗಳನ್ನು ಮೇಯಲು ಬಿಟ್ಟಳು, ಒಲೆ ಹಚ್ಚಿದಳು. ಒಳಗೆ ಹೇಗಿದೆಯಮ್ಮಾ ಎಂದು ಯಾರಾದರೂ ಕೇಳಿದರೆ, ಏನೂ ಇಲ್ಲ ಎನ್ನುತ್ತಿದ್ದಳು. ಬೇಸರದಿಂದಲ್ಲ, ಡಬ್ಬದಲ್ಲಿ ಸಕ್ಕರೆ ಇಲ್ಲ ಎನ್ನುವ ಹಾಗೆ.

ಹಿಲಾರಿಯೋ ಹೋದಂದಿನಿಂದ ಇಗರ್ಜಿಗೆ ಬೀಗ. ನಡು ಚಳಿಗಾಲದ ಸಾನ್ ಹುವಾನ್ ಹಬ್ಬ ಕಳೆಯುತ್ತಲೇ ಪಾದ್ರಿಗಳು ಹೇಳಿ ಕಳಿಸಿದರು: ಬರುವ ಭಾನುವಾರ ನಾನೇ ಬರುತ್ತೇನೆ, ಗಂಡನ ಜಾಗದಲ್ಲಿ ನಿಕಾಸಿಯಾ ನಿಲ್ಲುವುದಾದರೆ ಊರಿಗೆಲ್ಲ ಸಂತೋಷ, ನಿಲ್ಲದಿದ್ದರೆ ನಿಮ್ಮವರನ್ನು ನದಿಯಾಚೆಯ ಇಗರ್ಜಿಗೆ ಸೇರಿಸುವುದೇ ಸರಿ. ಹಾಗೆಂದರೆ ಮುದುಕರು, ಬಸುರಿಯರು, ಮಂಡಿ ಹಿಡಿದುಕೊಂಡವರು, ಎಲ್ಲರೂ ಗಾಳಿಗೆ ಮುಖ ಕೊಟ್ಟು ಅರ್ಧ ದಿನ ನಡೆಯಬೇಕು. ಎಷ್ಟೋ ಜನ ಹೋಗುವುದನ್ನೇ ಬಿಡುತ್ತಾರೆ ಎಂದು ನಮಗೆಲ್ಲ ಗೊತ್ತಿತ್ತು.

ನಿಕಾಸಿಯಾ ಒಲ್ಲೆ ಎನ್ನುವುದೆಂದು ತೀರ್ಮಾನಿಸಿಬಿಟ್ಟಿದ್ದಳು. "ನಾನು ಹೇಳೋ ಜಪ ನನ್ನ ಕಿವಿಗೇ ತಾಕ್ತಿಲ್ಲ," ಎಂದು ಹಿಲಾರಿಯೋನ ಅಕ್ಕ ಬೆನಿತಾಳಿಗೆ ಹೇಳಿದ್ದಳು. "ಬೇರೆಯವರ ಮನೆ ಹೆಣದ ಮುಂದೆ ಹೋಗಿ ನಾಟಕ ಮಾಡ್ಲಾ?"

ಆದರೆ ಒಂದು ಕೆಲಸವನ್ನು ಮಾತ್ರ ಅವಳು ಬಿಡಲಿಲ್ಲ. ಮುಂದಿನ ತಿಂಗಳ ಸಾಂತಿಯಾಗೋ ಹಬ್ಬದ ಊಟಕ್ಕೆ ಉಪದೇಶಿಯ ಮನೆಯಿಂದ ಟುಂಟಾ ಬರುವುದು ನಮ್ಮಲ್ಲಿ ರೂಢಿ. ಅದು ಸುಣ್ಣದಷ್ಟು ಬೆಳ್ಳಗಿನ ಒಣ ಆಲೂಗಡ್ಡೆ. ಮಾಡುವ ಬಗೆ ನಮ್ಮ ಕೂಸುಗಳಿಗೂ ಗೊತ್ತು. ಆಲೂಗಡ್ಡೆಯನ್ನು ರಾತ್ರಿ ಬಯಲಿನಲ್ಲಿ ಹರವಿದರೆ ಹಿಮ ಅದನ್ನು ಕಲ್ಲು ಮಾಡುತ್ತದೆ. ಸೂರ್ಯ ಹುಟ್ಟುವ ಮೊದಲೇ ಹುಲ್ಲು ಮುಚ್ಚಿ, ನದಿಗೆ ಒಯ್ದು, ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಒಣಗಿಸಬೇಕು. ಹೆಪ್ಪುಗಟ್ಟಿದ ಗಡ್ಡೆಗೆ ಒಂದು ಸಲ ಬಿಸಿಲು ತಾಕಿತೋ, ಕಪ್ಪಾಯಿತು. ಆಮೇಲೆ ಅದು ಟುಂಟಾ ಆಗುವುದಿಲ್ಲ.

ಪಾದ್ರಿಗಳು ಬರಲಿದ್ದ ಆ ವಾರದಲ್ಲೇ ಒಂದು ದಿನ ನಿಕಾಸಿಯಾ ಇನ್ನೂ ಮಸುಕಿರುವಾಗಲೇ ಹುಲ್ಲಿನ ಹೊರೆ ಹೊತ್ತು ಬಯಲಿಗೆ ಹೋದಳು. ಚಳಿ ಚೆನ್ನಾಗಿ ಕಚ್ಚಿತ್ತು. ಗಡ್ಡೆಗಳು ಒಂದಕ್ಕೊಂದು ತಾಗಿದರೆ ಟಣ್ ಎನ್ನುತ್ತಿದ್ದವು. ಹೊರೆ ಇಳಿಸಿ, ಸುಧಾರಿಸಿಕೊಳ್ಳಲು ಕಲ್ಲಿನ ಮೇಲೆ ಕುಳಿತಳು. ಆಗ ಏನು ಯೋಚಿಸುತ್ತಿದ್ದಳೆಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಗಂಡನನ್ನು ನೆನೆಯುತ್ತಿರಲಿಲ್ಲ, ದೇವರನ್ನೂ ನೆನೆಯುತ್ತಿರಲಿಲ್ಲ. ಮೊಣಕಾಲಿಗೆ ಬಿಸಿಲು ಬಿದ್ದಾಗ ತಲೆ ಎತ್ತಿದಳು. ಗುಡ್ಡದ ನೆತ್ತಿ ದಾಟಿ ಬಂದ ಬೆಳಕು ಅರ್ಧ ಬಯಲಿಗೆ ಹರಡಿತ್ತು. ಗಡ್ಡೆಗಳು ಬೆವರತೊಡಗಿದ್ದವು. ಎದ್ದು ಮುಚ್ಚಿದ್ದರೆ ಉಳಿದರ್ಧವಾದರೂ ದಕ್ಕುತ್ತಿತ್ತು. ಅವಳು ಏಳಲಿಲ್ಲ. ಉಳಿದರ್ಧದ ಮೇಲೂ ಬಿಸಿಲು ಹರಿದು ಬರುವುದನ್ನು ನೋಡುತ್ತ ಕುಳಿತಳು.

ನದಿಗೆ ಸಾಗಿಸಲೆಂದು ಕತ್ತೆ ಹೊಡೆದುಕೊಂಡು ಬೆನಿತಾ ಬಂದಳು. ಹರವಿದ್ದನ್ನೂ ನೋಡಿದಳು, ಬಿಚ್ಚದ ಹುಲ್ಲಿನ ಹೊರೆಯನ್ನೂ ನೋಡಿದಳು.

"ನಿದ್ದೆ ಹೋಗಿದ್ಯಾ?"

"ಇಲ್ಲ ಅಕ್ಕ. ಎಚ್ಚರ ಇದ್ದೆ."

"ಎಚ್ಚರ ಇದ್ದು ಹೀಗಾಯ್ತಾ? ನನ್ನ ಕತ್ತೆ ಕಾವಲು ಕೂತಿದ್ರೂ ಒಂದು ಸಲ ಕೂಗ್ತಿತ್ತು ಕಣೇ."

ನಿಕಾಸಿಯಾಳಿಗೆ ಈ ಮಾತೂ ಚುಚ್ಚಲಿಲ್ಲ. "ಸರಿಹೋಯ್ತು ಬಿಡು," ಎಂದಳು. "ನಾನು ಇಗರ್ಜಿ ಕೆಲಸಕ್ಕೆ ತಕ್ಕವಳಲ್ಲ ಅಂತ ದೇವರೇ ತೋರಿಸಿಕೊಟ್ಟ. ಭಾನುವಾರ ಪಾದ್ರಿಗಳಿಗೆ ಹೇಳೋಕೆ ಸುಲಭ ಆಯ್ತು."

"ದೇವರ ತಲೆಗೆ ಕಟ್ಬೇಡ. ಕೂತಿದ್ದು ನೀನು." ಬೆನಿತಾ ಬಗ್ಗಿ ಒಂದು ಗಡ್ಡೆಯನ್ನು ಹಿಸುಕಿ ನೋಡಿದಳು, ನೀರು ಜಿನುಗಿತು. "ರಾತ್ರಿ ಹಿಮ ಕೊಟ್ಟ. ಬೆಳಿಗ್ಗೆ ಬಿಸಿಲು ಕೊಟ್ಟ. ಹಿಮಕ್ಕೆ ಕೈ ಒಡ್ಡಿದವಳು ಬಿಸಿಲಿಗೆ ಯಾಕೆ ಮುಖ ತಿರುಗಿಸ್ತೀಯ? ಬಿಳಿದು ಹೋಯ್ತು, ಹೋಗ್ಲಿ. ಕರಿ ಚುನ್ಯೋ ಮಾಡು. ಚಪ್ಪಲಿ ಬಿಚ್ಚು."

"ಹಬ್ಬಕ್ಕೆ?"

"ಹಬ್ಬದ ಮಾತು ಹಬ್ಬಕ್ಕೆ. ಈಗ ಇದು ಮೆತ್ತಗಾಗಿದೆ, ತುಳಿಬೇಕು. ಸಂಜೆವರೆಗೆ ಬಿಟ್ರೆ ಕರಿದೂ ಇಲ್ಲ, ಬಿಳಿದೂ ಇಲ್ಲ, ಹಂದಿಗೆ ಹಾಕ್ಬೇಕಾಗುತ್ತೆ."

ನಿಕಾಸಿಯಾ ಚಪ್ಪಲಿ ಬಿಚ್ಚಿದಳು. ಬಿಚ್ಚು ಎಂದರು, ಬಿಚ್ಚಿದಳು, ಅಷ್ಟೇ.

ಕರಿ ಚುನ್ಯೋಗೆ ಗಡ್ಡೆಗಳನ್ನು ಗುಪ್ಪೆ ಹಾಕಿ, ನೀರು ಹೋಗುವಂತೆ ಬರಿಗಾಲಲ್ಲಿ ತುಳಿದು, ಬಿಸಿಲಲ್ಲೇ ಒಣಗಿಸುತ್ತಾರೆ. ನಮ್ಮಲ್ಲಿ ಯಾರ ಗುಪ್ಪೆ ತುಳಿತಕ್ಕೆ ಬಂದಿದೆಯೋ ಅಲ್ಲಿಗೆ ಕಣ್ಣಳತೆಯಲ್ಲಿರುವವರೆಲ್ಲ ಕರೆಯದೆಯೇ ಬಂದು ಸೇರುತ್ತಾರೆ. ಮುದುಕ ಸೆವೆರೋ ಪ್ಯಾಂಟು ಮಡಚಿಕೊಂಡು ಬಂದ. ಅವನ ಹಿಂದೆ ಹೆಂಡತಿ ಲಿಯಾಂದ್ರಾ ಊಟದ ಗಂಟು ಹೊತ್ತು ಬಂದಳು. ಆ ಮಳೆಗಾಲದಲ್ಲೇ ಅವಳ ತಂಗಿಯೂ ತೀರಿಕೊಂಡಿದ್ದಳು, ಹಿಲಾರಿಯೋ ಹೋದ ಮೂರನೆಯ ವಾರ. ಜಪ ಹೇಳುವವರಿಲ್ಲದೆ ಸುಮ್ಮನೆ ಮಣ್ಣು ಮುಚ್ಚಿ ಬಂದಿದ್ದರು.

"ಟುಂಟಾ ಮಾಡೋರ ಮನೇಲಿ ತುಳಿತ ಏನಮ್ಮ?" ಎಂದ ಸೆವೆರೋ, ಗುಪ್ಪೆ ಹತ್ತುತ್ತ.

"ಬಾಯಿ ಮುಚ್ಚಿ ತುಳಿ," ಎಂದಳು ಬೆನಿತಾ. "ಆ ಕಾಲು ಕೊನೇ ಸಲ ಯಾವಾಗ ತೊಳೆದಿದ್ದೆ? ಈ ವರ್ಷ ಚುನ್ಯೋಗೆ ಉಪ್ಪೇ ಬೇಡ."

"ನನ್ನ ಮದುವೇಲಿ ತೊಳೆದಿದ್ದೆ. ಲಿಯಾಂದ್ರಾನ ಕೇಳು."

"ನಾನು ಆವತ್ತು ಕಾಲು ನೋಡ್ಲಿಲ್ಲ," ಎಂದಳು ಲಿಯಾಂದ್ರಾ. "ನೋಡಿದ್ರೆ ಮದುವೆ ಆಗ್ತಿರ್ಲಿಲ್ಲ."

ಎಲ್ಲರೂ ನಕ್ಕರು. ನಿಕಾಸಿಯಾ ತುಳಿದಳು. ಹಿಮ್ಮಡಿಯ ಕೆಳಗೆ ಸಿಪ್ಪೆ ಒಡೆದು ತಣ್ಣನೆಯ ನೀರು ಬೆರಳ ಸಂದಿಯಿಂದ ಚಿಮ್ಮುತ್ತಿತ್ತು. ಕಾಲು ಯಾವಾಗಲೋ ಮರಗಟ್ಟಿಹೋಗಿತ್ತು. ಮರಗಟ್ಟಿದ ಕಾಲಿಗೂ ತುಳಿಯಲು ಬರುತ್ತದೆ, ನೀರು ಹೋಗುತ್ತಲೇ ಇರುತ್ತದೆ ಎಂಬುದನ್ನು ಅವಳು ಕಂಡಳು. ಕಂಡು, ಅದರ ಬಗ್ಗೆ ಏನನ್ನೂ ಯೋಚಿಸಲಿಲ್ಲ.

ಹೊತ್ತು ನೆತ್ತಿಗೇರಿದಾಗ ಊಟಕ್ಕೆ ಕುಳಿತರು. ನೆಲದ ಮೇಲೆ ಬಣ್ಣದ ಬಟ್ಟೆ ಹಾಸಿ, ತಂದದ್ದನ್ನೆಲ್ಲ ಒಟ್ಟಿಗೆ ಸುರಿದುಕೊಂಡು, ಎಲ್ಲರೂ ಅದರಲ್ಲೇ ಕೈಹಾಕಿ ತಿನ್ನುವುದು ನಮ್ಮ ಪದ್ಧತಿ: ಬೇಯಿಸಿದ ಆಲೂಗಡ್ಡೆ, ಅವರೆಯಂಥ ದಪ್ಪ ಕಾಳು, ಉಪ್ಪು ಚೀಸ್, ಕರಿದ ಸಣ್ಣ ಮೀನು. ಸೆವೆರೋ ಭೂತಾಯಿಗೆಂದು ನಾಲ್ಕು ಹನಿ ಸಾರಾಯಿ ನೆಲಕ್ಕೆ ಬಿಟ್ಟು ಟೋಪಿ ತೆಗೆದ. ಆಮೇಲೆ ಯಾರೂ ಕೈ ಚಾಚಲಿಲ್ಲ. ಹೊಲದ ಊಟಕ್ಕೆ ಮೊದಲು ಪ್ರಾರ್ಥನೆ ಹೇಳುತ್ತಿದ್ದವನು ಹಿಲಾರಿಯೋ. ಅವನು ಹೋದ ಮೇಲೆ ಊರಿನವರು ಒಟ್ಟಾಗಿ ಕುಳಿತದ್ದು ಇದೇ ಮೊದಲು. ಕುಳಿತ ಮೇಲೆಯೇ ಅದು ಎಲ್ಲರಿಗೂ ಹೊಳೆದದ್ದು.

ಆಲೂಗಡ್ಡೆಯ ಹಬೆ ಆರುತ್ತಿತ್ತು. ಯಾರೂ ನಿಕಾಸಿಯಾಳ ಕಡೆ ನೋಡಲಿಲ್ಲ. ಎಲ್ಲರೂ ಕಷ್ಟಪಟ್ಟು ಬೇರೆಲ್ಲೋ ನೋಡುತ್ತಿದ್ದರು.

ಅವಳು ಕಾದಳು. ಎದೆಯೊಳಗೆ ಏನಾದರೂ ಅಲುಗಿದರೆ ಹೇಳೋಣವೆಂದು ಕಾದಳು. ಏನೂ ಅಲುಗಲಿಲ್ಲ. ಇವತ್ತು ಅಲುಗುವುದೂ ಇಲ್ಲ, ಬಹುಶಃ ಈ ಚಳಿಗಾಲವೆಲ್ಲ ಇಲ್ಲ ಎಂದು ಅವಳಿಗೆ ತಿಳಿಯಿತು. ಬಟ್ಟೆಯ ಸುತ್ತ ಜನ ಹಸಿದಿದ್ದರು.

"ತಂದೆಯೇ," ಎಂದಳು. ದನಿ ಸಪ್ಪೆಯಾಗಿತ್ತು. "ಹಿಮ ಕೊಟ್ಟೆ, ಸ್ತೋತ್ರ. ಬಿಸಿಲು ಕೊಟ್ಟೆ, ಸ್ತೋತ್ರ. ಬಿಳಿದಾಗದೆ ಕರಿದಾಗಿದ್ದಕ್ಕೂ ಸ್ತೋತ್ರ. ಈ ಊಟ ಹರಸು. ಮಳೆಗಾಲದಲ್ಲಿ ನೀನು ಕರ್ಕೊಂಡೋರನ್ನ ನೋಡ್ಕೊ. ಹಿಲಾರಿಯೋನ. ಲಿಯಾಂದ್ರಾನ ತಂಗಿ ಕಾಸಿಲ್ದಾನ." ಮುಂದೇನೂ ಹೊಳೆಯಲಿಲ್ಲ. "ಇಷ್ಟೇ. ಆಮೆನ್."

ಆಮೆನ್ ಎಂದು ಎಲ್ಲರೂ ಕೈ ಚಾಚಿದರು. ಲಿಯಾಂದ್ರಾ ಚಾಚಲಿಲ್ಲ. ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬಹಳ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು, "ಅವಳ ಹೆಸರು ಯಾರೂ ಹೇಳಿರ್ಲಿಲ್ಲ," ಎಂದಳು. "ದೇವರ ಮುಂದೆ ಒಬ್ರೂ ಅವಳ ಹೆಸರು ಹೇಳಿರ್ಲಿಲ್ಲ." ಹಾಗೆಂದು ಒಂದು ಆಲೂಗಡ್ಡೆ ತೆಗೆದುಕೊಂಡು ಸಿಪ್ಪೆ ಸುಲಿಯತೊಡಗಿದಳು.

ನಿಕಾಸಿಯಾ ಬೆನಿತಾಳ ಕಡೆ ಬಾಗಿ ಮೆಲ್ಲಗೆ ಹೇಳಿದಳು: "ನನಗೇನೂ ಅನ್ನಿಸ್ಲಿಲ್ಲ, ಅಕ್ಕ."

"ನಿನಗೆ ಅನ್ನಿಸ್ಲಿ ಅಂತ ಹೇಳಿದ್ಯಾ?" ಬೆನಿತಾ ಬಾಯ್ತುಂಬ ಮೀನು ಇಟ್ಟುಕೊಂಡೇ ಅಂದಳು. "ನನ್ನ ತಮ್ಮ ಎಷ್ಟು ಭಾನುವಾರ ನಿದ್ದೆಗಣ್ಣಲ್ಲಿ ಜಪ ಹೇಳಿದಾನೆ, ಗೊತ್ತಾ ನಿನಗೆ? ಪಕ್ಕದಲ್ಲೇ ಇದ್ದೆ ನೀನು. ದೇವರು ಅದನ್ನೂ ತಗೊಂಡ. ಇದನ್ನೂ ತಗೊಳ್ತಾನೆ."

ನಿಕಾಸಿಯಾ ಲಿಯಾಂದ್ರಾ ತಿನ್ನುವುದನ್ನು ನೋಡಿದಳು.

"ಭಾನುವಾರ ಪಾದ್ರಿಗಳು ಕೇಳಿದ್ರೆ ಆಗ್ಲಿ ಅಂತೀನಿ," ಎಂದಳು ಕೊನೆಗೆ, ಎಲ್ಲರಿಗೂ ಕೇಳುವಂತೆ. "ಹೆಸರು ಹೇಳ್ತೀನಿ, ಜಪ ಹೇಳ್ತೀನಿ. ಹಾಡು ಮಾತ್ರ ಕೇಳ್ಬೇಡಿ. ಸದ್ಯಕ್ಕೆ ನನ್ನಲ್ಲಿ ಹಾಡಿಲ್ಲ."

"ಹಾಡು ನಾನು ಎತ್ತಿಕೊಡ್ತೀನಿ," ಎಂದಳು ಬೆನಿತಾ.

"ಹಾಗಾದ್ರೆ ನಮ್ಮ ಲಾಮಾಗಳೆಲ್ಲ ನದಿಯಾಚೆ ಇಗರ್ಜಿಗೆ ಹೋಗ್ತವೆ," ಎಂದ ಸೆವೆರೋ.

ಬೆನಿತಾ ಅವನತ್ತ ಸಿಪ್ಪೆ ಎಸೆದಳು. ನಿಕಾಸಿಯಾ ನಗಲಿಲ್ಲ. ತಣ್ಣಗಾಗಿದ್ದ ಒಂದು ಆಲೂಗಡ್ಡೆ ತೆಗೆದುಕೊಂಡು ಚೀಸಿನ ಜೊತೆ ಪೂರ್ತಿ ತಿಂದಳು. ರುಚಿ ಇತ್ತೋ ಇಲ್ಲವೋ ಹೇಳಲಾರಳು. ಆಮೇಲೆ, ತುಳಿಯದ ಗುಪ್ಪೆಗಳು ಇನ್ನೂ ಉಳಿದಿದ್ದವೆಂದು, ಎಲ್ಲರಿಗಿಂತ ಮೊದಲು ಎದ್ದಳು.